ಗಾಲಿಯ ಗುಂಜಾರವ

ನಮ್ಮ ಮನೆಯ ಕಾರು ಹಾಡತೊಡಗಿದುದು ಕಳೆದ ಶ್ರಾವಣದಲ್ಲಿ. ಅದನ್ನು ಮೊದಲು ಕೇಳಿಸಿಕೊಂಡವರು ನಮ್ಮ ತಾಯಿ. ಹಿಂದಿನ ಸೀಟಿನಲ್ಲಿ ಕುಳಿತು, ಕಣ್ಣು ಮುಚ್ಚಿ, ತುಟಿಯೊಳಗೇ ಯಾವುದೋ ದೇವರನಾಮವನ್ನು ಹೇಳಿಕೊಳ್ಳುತ್ತಿದ್ದವರು ಇದ್ದಕ್ಕಿದ್ದಂತೆ, "ಶ್ರುತಿ ಎಷ್ಟು ಚೆನ್ನಾಗಿ ಸೇರಿದೆಯಪ್ಪ! ರೇಡಿಯೋದಲ್ಲಿ ತಂಬೂರಿ ಹಾಕಿದ್ದೀಯೇನು?" ಎಂದರು. ರೇಡಿಯೋ ಮೌನವಾಗಿತ್ತು. ನಾನು ಕಿವಿಗೊಟ್ಟೆನು. ಹೌದು, ಎಲ್ಲಿಂದಲೋ 'ಗುಂಯ್' ಎಂಬ ಒಂದು ಸಣ್ಣ ನಾದ ಎಡೆಬಿಡದೆ ಹೊರಡುತ್ತಿತ್ತು. ದೂರದ ಹೂದೋಟದಲ್ಲಿ ದುಂಬಿಗಳು ಮೊರೆಯುತ್ತಿರುವಂತೆ ನನಗೆ ತೋರಿತು. ಕಾವ್ಯವನ್ನು ಪಾಠ ಹೇಳುವವನ ದುರದೃಷ್ಟವೇ ಇದು. ಕೆಟ್ಟ ಗಾಲಿಯ ಕೂಗಿನಲ್ಲಿಯೂ ಅವನಿಗೆ ದುಂಬಿಯೇ ಕೇಳಿಸುತ್ತದೆ.

ಈ ಪುಟವನ್ನು ವಾರವಾರವೂ ಓದುವ ಮಹನೀಯರಿಗೆ ತಿಳಿದೇ ಇದೆ, ನಾನು ಯಂತ್ರಜ್ಞನಲ್ಲ. ಕನ್ನಡದಲ್ಲಿ ಎಂ.ಎ. ಮಾಡಿಕೊಂಡು, ಮೈಸೂರಿನ ಮನೆಯಿಂದ ಮಂಡ್ಯದ ಕಡೆಯ ಒಂದು ಕಾಲೇಜಿಗೆ ದಿನವೂ ಹೋಗಿಬರುವ ಉಪಾಧ್ಯಾಯ. ಕಾರು ಎಂದರೆ ಬೇರೊಬ್ಬರು ಎಂಟು ವರ್ಷ ಓಡಿಸಿ ಸಾಕಾಗಿ ಮಾರಿದ ಚಿಕ್ಕ ಕಾರು. ಅದಕ್ಕೆಂದು ತೆಗೆದ ಸಾಲದ ಕಂತುಗಳು ಇನ್ನೂ ತೀರಿಲ್ಲ. ಇಂತಹ ನಾನು ಈ ವಾರ ಗಾಲಿಯ ಶಾಸ್ತ್ರವನ್ನು ಕುರಿತು ಬರೆಯಲು ಹೊರಟಿರುವುದು ಪಾಂಡಿತ್ಯದ ಬಲದಿಂದಲ್ಲ, ಪೆಟ್ಟು ತಿಂದ ಅನುಭವದ ಬಲದಿಂದ. ಕಾರಿರುವ ಮನೆಗಳಲ್ಲಿ ಈ ನಾದ ಎಂದಾದರೊಂದು ದಿನ ಕೇಳಿಬರುವುದು ಖಂಡಿತವಾದ್ದರಿಂದ, ನನ್ನ ಪೆಟ್ಟು ನಾಲ್ಕು ಜನಕ್ಕೆ ಪಾಠವಾದರೆ ಸಂತೋಷವೇ.

ಆ ಶಬ್ದದ ಸ್ವಭಾವವನ್ನು ಮೊದಲು ಹೇಳುತ್ತೇನೆ. ಊರೊಳಗಿನ ನಿಧಾನದ ಓಟದಲ್ಲಿ ಅದು ಇರುತ್ತಿರಲಿಲ್ಲ. ಗಂಟೆಗೆ 50 ಕಿಲೋಮೀಟರಿನ ವೇಗ ಬಂದಿತೆಂದರೆ ಮೆಲ್ಲನೆ ತಲೆಯೆತ್ತುತ್ತಿತ್ತು. 60, 70 ಆದಂತೆ ತಾರಕಕ್ಕೆ ಏರುತ್ತಿತ್ತು. ವೇಗ ತಗ್ಗಿದಂತೆ ಮಂದ್ರಕ್ಕೆ ಇಳಿದು ಅಡಗುತ್ತಿತ್ತು. ಕಾರು ನಡುಗುತ್ತಿರಲಿಲ್ಲ, ಒಂದು ಕಡೆಗೆ ಎಳೆಯುತ್ತಿರಲಿಲ್ಲ, ಬ್ರೇಕು ಸರಿಯಾಗಿಯೇ ಇತ್ತು. ಶಬ್ದವೊಂದನ್ನು ಬಿಟ್ಟರೆ ಕಾರಿಗೆ ಯಾವ ಕಾಯಿಲೆಯೂ ಇಲ್ಲ. ಹೀಗಿರುವಾಗ ಮನುಷ್ಯ ಏನು ಮಾಡುತ್ತಾನೆ? ನಾನು ಮಾಡಿದುದನ್ನೇ ಮಾಡುತ್ತಾನೆ. ರೇಡಿಯೋವನ್ನು ಸ್ವಲ್ಪ ಜೋರಾಗಿ ಹಾಕುತ್ತಾನೆ.

ಕಿವಿ ಎಂಬುದು ಬಹಳ ದಾಕ್ಷಿಣ್ಯದ ಇಂದ್ರಿಯ. ಹೊಸ ನೆಂಟನನ್ನು ಮೂರು ದಿನ ಗಮನಿಸುತ್ತದೆ. ನಾಲ್ಕನೆಯ ದಿನ ಮನೆಯವನೆಂದು ಒಪ್ಪಿಕೊಂಡುಬಿಡುತ್ತದೆ. ಹದಿನೈದು ದಿನ ಕಳೆಯುವುದರೊಳಗೆ ನನಗೆ ಆ ಗುಂಜಾರವ ಕೇಳಿಸುವುದೇ ನಿಂತುಹೋಯಿತು. ನಿಂತುಹೋದುದು ಶಬ್ದವಲ್ಲ, ಕೇಳುವಿಕೆ. ಆದರೆ ನನ್ನಾಕೆ ವಾರಕ್ಕೊಮ್ಮೆ ಮಾತ್ರ ಕಾರಿನಲ್ಲಿ ಕೂರುವವಳು. ಆಕೆಗೆ ಪ್ರತಿ ಸಲವೂ ಅದು ಹೊಸದಾಗಿಯೇ ಕೇಳಿಸುತ್ತಿತ್ತು.

"ರೀ, ಹೋದ ವಾರಕ್ಕಿಂತ ಜಾಸ್ತಿಯಾಗಿದೆ" ಎಂದಳು ಒಂದು ಭಾನುವಾರ. ಇನ್ನೊಂದು ಭಾನುವಾರ ರಿಂಗ್ ರಸ್ತೆಯ ಉದ್ದನೆಯ ತಿರುವಿನಲ್ಲಿ, "ಗಮನಿಸಿದಿರಾ? ಬಲಕ್ಕೆ ತಿರುಗುವಾಗ ಜೋರಾಗುತ್ತೆ, ಎಡಕ್ಕೆ ತಿರುಗಿದರೆ ಸುಮ್ಮನಾಗುತ್ತೆ" ಎಂದಳು. ನಾನು ನಕ್ಕು, "ಗಾಲಿಗೆ ಎಡಬಲಗಳ ಪಕ್ಷಭೇದವೂ ಬಂತೇ?" ಎಂದು ಚಮತ್ಕಾರವಾಗಿ ಉತ್ತರ ಕೊಟ್ಟೆನು. ಆ ಚಮತ್ಕಾರಕ್ಕೆ ನಾನು ತೆತ್ತ ಬೆಲೆಯನ್ನು ಮುಂದೆ ಹೇಳುತ್ತೇನೆ.

ತುಲಾ ಸಂಕ್ರಮಣ ಹತ್ತಿರ ಬರುತ್ತಿತ್ತು. ಅಕ್ಟೋಬರ್ ತಿಂಗಳ ನಡುವಿನ ಆ ದಿನ ತಲಕಾವೇರಿಯ ತೀರ್ಥೋದ್ಭವವನ್ನು ಕಣ್ಣಾರೆ ನೋಡಬೇಕೆಂಬುದು ನಮ್ಮ ತಾಯಿಯ ಬಹು ವರ್ಷದ ಆಸೆ. ತಂದೆಯವರು ಇದ್ದಾಗ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದರು. ಮಾತು ನಡೆಸುವ ಮೊದಲೇ ಹೊರಟುಹೋದರು. ಆ ಸಾಲ ನನ್ನ ಮೇಲಿತ್ತು. ಮೈಸೂರಿನಿಂದ ಮಡಿಕೇರಿ, ಅಲ್ಲಿಂದ ಭಾಗಮಂಡಲ, ಅಲ್ಲಿಂದ ಬ್ರಹ್ಮಗಿರಿಯ ಇಳಿಜಾರಿನಲ್ಲಿ ಎಂಟು ಕಿಲೋಮೀಟರಿನ ಏರು. ಒಂದು ಕಡೆ ಬೆಟ್ಟ, ಒಂದು ಕಡೆ ಕಣಿವೆ. ಆ ದಾರಿಯನ್ನು ನೆನೆದ ರಾತ್ರಿ ನನಗೆ ಗಾಲಿಯ ಗುಂಯ್‌ಕಾರ ಹಾಸಿಗೆಯಲ್ಲಿಯೇ ಕೇಳಿಸಿತು.

ಬೆಳಗಾದೊಡನೆ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದೆನು. ನೆಲಕ್ಕೆ ತಾಗಿ ತಿರುಗುವುದು ಟೈರು. ಶಬ್ದ ಬರುವುದು ತಿರುಗುವಾಗ. ಆದುದರಿಂದ ಶಬ್ದ ಟೈರಿನದೇ. ತರ್ಕಶಾಸ್ತ್ರದ ವಿದ್ಯಾರ್ಥಿಯೊಬ್ಬನು ಇಂತಹ ಅನುಮಾನವನ್ನು ಬರೆದಿದ್ದರೆ ಅವನಿಗೆ ಸೊನ್ನೆ ಸಿಗುತ್ತಿತ್ತು. ನನಗೆ ಅಂಕ ಹಾಕುವವರಿರಲಿಲ್ಲವಾಗಿ ನೇರವಾಗಿ ಅಂಗಡಿಗೆ ಹೋಗಿ ನಾಲ್ಕೂ ಟೈರುಗಳನ್ನು ಬದಲಾಯಿಸಿದೆನು. ಹದಿನಾರು ಸಾವಿರ ರೂಪಾಯಿ. ಅಂಗಡಿಯವರ ತಪ್ಪೇನೂ ಇಲ್ಲ. "ಇವಕ್ಕೆ ಇನ್ನೂ ಅರ್ಧ ಆಯುಷ್ಯವಿದೆಯಲ್ಲ ಸಾರ್" ಎಂದು ಅವರೇ ಹೇಳಿದ್ದರು. ಹಟ ಹಿಡಿದವನು ನಾನು. ಹೊಸ ಟೈರಿನ ಮೇಲೆ ಹೆದ್ದಾರಿಗೆ ಬಂದು 60ರ ವೇಗ ಮುಟ್ಟಿದೊಡನೆಯೇ, ಹಳೆಯ ದುಂಬಿ ಹೊಸ ಉತ್ಸಾಹದಿಂದ ಮೊರೆಯಿತು. ಆ ಸಂಜೆ ನನ್ನಾಕೆ ಏನೂ ಹೇಳಲಿಲ್ಲ. ಹೇಳದೆ ಇದ್ದುದೇ ಬಹಳವಾಯಿತು.

ಮರುದಿನ ಸಹೋದ್ಯೋಗಿಯೊಬ್ಬರು ನಗರದ ಹಳೆಯ ಮೊಹಲ್ಲಾದಲ್ಲಿದ್ದ ಒಬ್ಬ ಮೇಸ್ತ್ರಿಯ ಗುರುತು ಹೇಳಿದರು. ಬೋರ್ಡು ಇಲ್ಲದ ಶೆಡ್ಡು, ಎಣ್ಣೆ ಕುಡಿದು ಕಪ್ಪಾದ ನೆಲ, ಎಪ್ಪತ್ತರ ಹತ್ತಿರದ ಬಿಳಿಗಡ್ಡದ ಸಾಹೇಬರು. ಅವರ ತಾತ ಜಟಕಾಗಾಡಿಗಳ ಗಾಲಿ ಕಟ್ಟುತ್ತಿದ್ದವರಂತೆ. ಮನೆಯಲ್ಲಿ ನಡೆದ ಮಾತುಕತೆಯ ಫಲವಾಗಿ ನನ್ನಾಕೆಯೂ ಆ ದಿನ ಜೊತೆಯಲ್ಲಿಯೇ ಬಂದಿದ್ದಳು.

ಇಲ್ಲಿ ಒಂದು ಸಣ್ಣ ಪದವಿಚಾರವನ್ನು ಓದುಗರು ಕ್ಷಮಿಸಬೇಕು, ಕಸುಬಿನ ದೋಷ. 'ಮೇಸ್ತ್ರಿ' ಎಂಬ ಮಾತು ಪೋರ್ಚುಗೀಸರಿಂದ ನಮಗೆ ಬಂದುದು. 'ಮೇಷ್ಟ್ರು' ಎಂಬುದು ಇಂಗ್ಲಿಷಿನಿಂದ ಬಂದುದು. ಎರಡರ ಮೂಲವನ್ನೂ ಹಿಡಿದು ಹೋದರೆ ಲ್ಯಾಟಿನ್ ಭಾಷೆಯ 'ಮಜಿಸ್ಟರ್' ಎಂಬ ಒಂದೇ ಶಬ್ದಕ್ಕೆ ಮುಟ್ಟುತ್ತೇವೆ. ಅಂದರೆ ಮೇಸ್ತ್ರಿಯೂ ಮೇಷ್ಟ್ರೂ ಒಂದೇ ಮನೆಯ ದಾಯಾದಿಗಳು. ಆದರೆ ಆ ದಿನ ಶೆಡ್ಡಿನಲ್ಲಿ ಮೇಷ್ಟ್ರು ಯಾರು, ಶಿಷ್ಯ ಯಾರು ಎಂಬುದರಲ್ಲಿ ಸಂದೇಹವಿರಲಿಲ್ಲ.

ಸಾಹೇಬರು ಕಾರನ್ನು ಮುಟ್ಟಲಿಲ್ಲ. ಒಂದು ಹಳೆಯ ಸ್ಟೂಲಿನ ಮೇಲೆ ಕುಳಿತು ಪ್ರಶ್ನೆಗಳನ್ನು ಕೇಳಲಾರಂಭಿಸಿದರು.

"ಶಬ್ದ ಕಾರು ನಿಂತಿರುವಾಗ ಬರ್ತದೋ, ಓಡುವಾಗ ಮಾತ್ರ ಬರ್ತದೋ ಮೇಷ್ಟ್ರೇ?"

"ಓಡುವಾಗ ಮಾತ್ರ."

"ಗೇರು ಬದಲಾಯಿಸಿದರೆ ಶಬ್ದ ಬದಲಾಗ್ತದೋ?"

ನಾನು ಯೋಚಿಸಿದೆನು. ತಿಳಿಯದು.

"ಡಾಂಬರು ರಸ್ತೆಯಿಂದ ಕಾಂಕ್ರೀಟು ರಸ್ತೆಗೆ ಹೋದರೆ?"

ಅದೂ ತಿಳಿಯದು. ಪರೀಕ್ಷೆಯಲ್ಲಿ ಉತ್ತರ ಬಾರದ ಹುಡುಗನ ಮುಖ ಹೇಗಿರುತ್ತದೆಂಬುದು ನನಗೆ ಚೆನ್ನಾಗಿ ಗೊತ್ತು. ಆ ಕ್ಷಣದಲ್ಲಿ ಅದನ್ನು ಒಳಗಿನಿಂದ ಅನುಭವಿಸಿದೆನು.

"ತಿರುವಿನಲ್ಲಿ?"

"ಬಲಕ್ಕೆ ತಿರುಗಿದರೆ ಜಾಸ್ತಿ, ಎಡಕ್ಕೆ ತಿರುಗಿದರೆ ಕಮ್ಮಿ" ಎಂದಳು ನನ್ನಾಕೆ.

ಸಾಹೇಬರು ತಲೆಯೆತ್ತಿ ಆಕೆಯ ಕಡೆ ನೋಡಿದರು. "ಶಾಭಾಷ್ ತಾಯಿ. ಮುಕ್ಕಾಲು ಕೆಲಸ ನೀವೇ ಮಾಡಿಬಿಟ್ಟಿರಿ. ಎಷ್ಟು ದಿನದಿಂದ ಗೊತ್ತು ಇದು?"

"ಒಂದೂವರೆ ತಿಂಗಳಿಂದ" ಎಂದಳು. ನಾನು ಶೆಡ್ಡಿನ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಚಿತ್ರವನ್ನು ಆಸಕ್ತಿಯಿಂದ ನೋಡುತ್ತ ನಿಂತೆನು.

ನಮ್ಮ ಆಯುರ್ವೇದದಲ್ಲಿ ವಾಗ್ಭಟನು ರೋಗಿಯ ಪರೀಕ್ಷೆಗೆ ಮೂರು ಬಾಗಿಲುಗಳನ್ನು ಹೇಳಿದ್ದಾನೆ: ದರ್ಶನ, ಸ್ಪರ್ಶನ, ಪ್ರಶ್ನ. ನೋಡುವುದು, ಮುಟ್ಟುವುದು, ಕೇಳುವುದು. ಮುಂದೆ ಎಂಟು ಬಗೆಯ ಪರೀಕ್ಷೆಯನ್ನು ಎಣಿಸಿದವರು ಅದರಲ್ಲಿ ಶಬ್ದವನ್ನೂ ಸೇರಿಸಿದರು. ಸಾಹೇಬರು ವಾಗ್ಭಟನನ್ನು ಓದಿದವರಲ್ಲ. ಆದರೂ ಅವರು ನಡೆದುದು ಅದೇ ದಾರಿಯಲ್ಲಿ. ಪ್ರಶ್ನೆ ಮುಗಿಯಿತು, ಮೂವರೂ ಕಾರಿನಲ್ಲಿ ಕುಳಿತು ಜನವಿರಳವಾದ ನೇರ ರಸ್ತೆಗೆ ಹೊರಟೆವು. ಸಾಹೇಬರೇ ಓಡಿಸಿದರು.

ಮೊದಲ ಪರೀಕ್ಷೆ. 60ರ ವೇಗದಲ್ಲಿ ಹಿಂದೆಮುಂದೆ ನೋಡಿಕೊಂಡು ಗೇರನ್ನು ನ್ಯೂಟ್ರಲ್ಲಿಗೆ ತಂದರು. ಎಂಜಿನ್ನಿನ ಸದ್ದು ಇಳಿಯಿತು, ಗುಂಯ್‌ಕಾರ ಇಳಿಯಲಿಲ್ಲ. "ಎಂಜಿನ್ ಅಲ್ಲ, ಕ್ಲಚ್ಚಲ್ಲ" ಎಂದರು. ಎಂಜಿನ್ನಿನ ವೇಗದೊಡನೆ ಏರಿಳಿಯುವುದು ಎಂಜಿನ್ನಿನ ಶಬ್ದ. ಕಾರಿನ ವೇಗದೊಡನೆ ಏರಿಳಿಯುವುದು ಗಾಲಿಯ ಕಡೆಯ ಶಬ್ದ. ಗೇರು ಬದಲಾದಾಗ ಸ್ವರ ಬದಲಾದರೆ ಗೇರುಪೆಟ್ಟಿಗೆಯನ್ನು ಅನುಮಾನಿಸಬೇಕು. ಎಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಕೂಗಿದರೆ ಗಾಲಿಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲನ್ನು ನೋಡಬೇಕು. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಹೊರಳುವಾಗ 'ಕಟ್ ಕಟ್' ಎಂದರೆ ಅದು ಆಕ್ಸಲ್ಲಿನ ಕೀಲಿನ ಸವೆತ. "ಆದರೆ ಒಂದು ಮಾತು" ಎಂದು ಸಾಹೇಬರು ಎಚ್ಚರಿಸಿದರು, "ನ್ಯೂಟ್ರಲ್ ಮಾಡಬಹುದು, ಎಂಜಿನ್ ಮಾತ್ರ ಆರಿಸಬಾರದು. ಆರಿಸಿದರೆ ಸ್ಟೇರಿಂಗೂ ಬ್ರೇಕೂ ಕಲ್ಲಾಗಿಬಿಡ್ತವೆ."

ಎರಡನೆಯ ಪರೀಕ್ಷೆ ರಸ್ತೆಯದು. ಒರಟು ಡಾಂಬರಿನಿಂದ ನುಣುಪಾದ ರಸ್ತೆಗೆ ಬಂದೆವು. ಟೈರಿನ ಶಬ್ದವಾಗಿದ್ದರೆ ರಸ್ತೆಯ ಮೈ ಬದಲಾದಂತೆ ಅದರ ದನಿಯೂ ಬದಲಾಗಬೇಕು. ಏಕೆಂದರೆ ಅದು ಟೈರು ಮತ್ತು ನೆಲ ಇಬ್ಬರೂ ಕೂಡಿ ಆಡುವ ಮಾತು. ನಮ್ಮ ಗುಂಯ್‌ಕಾರ ಎರಡು ರಸ್ತೆಗಳಲ್ಲಿಯೂ ಒಂದೇ ಸ್ವರದಲ್ಲಿತ್ತು. ನನ್ನ ಹದಿನಾರು ಸಾವಿರ ರೂಪಾಯಿಯನ್ನು ಉಳಿಸಬಹುದಾಗಿದ್ದ ಪರೀಕ್ಷೆಗೆ ಐದು ನಿಮಿಷ ಹಿಡಿಯಿತು, ಕಾಸೂ ಖರ್ಚಾಗಲಿಲ್ಲ.

ಮೂರನೆಯದು ನನ್ನಾಕೆಯ ಪರೀಕ್ಷೆ. ಎದುರು ಹಿಂದೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಸಾಹೇಬರು ಸ್ಟೇರಿಂಗನ್ನು ಮೆಲ್ಲಗೆ ಬಲಕ್ಕೆ, ಮತ್ತೆ ಎಡಕ್ಕೆ ಹೊರಳಿಸಿದರು. ಬಲಕ್ಕೆ ಹೊರಳಿದಾಗ ಶಬ್ದ ಗರ್ಜನೆಯಾಯಿತು. ಎಡಕ್ಕೆ ಹೊರಳಿದಾಗ ಪಿಸುಮಾತಾಯಿತು. "ಎಡಗಡೆ ಬೇರಿಂಗು" ಎಂದರು.

ಬಲಕ್ಕೆ ತಿರುಗಿದಾಗ ಕೂಗಿದರೆ ಎಡಗಡೆಯದು ಏಕೆ? ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಬಸ್ಸು ಬಲಕ್ಕೆ ಹೊರಳಿದಾಗ ಜನರೆಲ್ಲ ಎಡಕ್ಕೆ ವಾಲುತ್ತಾರೆ. ಕಾರಿನ ಒಡಲೂ ಹಾಗೆಯೇ ಎಡಕ್ಕೆ ವಾಲುತ್ತದೆ; ಎಡಗಡೆಯ ಗಾಲಿಗಳ ಮೇಲೆ ಭಾರ ಹೆಚ್ಚುತ್ತದೆ. ನೋವಿರುವ ಕಾಲಿನ ಮೇಲೆ ಭಾರ ಹಾಕಿದರೆ ಮನುಷ್ಯ 'ಅಯ್ಯೋ' ಎನ್ನುತ್ತಾನೆ. ಭಾರ ತೆಗೆದರೆ ಸುಮ್ಮನಾಗುತ್ತಾನೆ. ಗಾಲಿಯೂ ಅಷ್ಟೇ. ಎಲ್ಲ ಕಾರುಗಳಲ್ಲಿಯೂ ಈ ಲಕ್ಷಣ ಇಷ್ಟು ಸ್ಪಷ್ಟವಾಗಿರುವುದಿಲ್ಲವೆಂದೂ, ಒಮ್ಮೊಮ್ಮೆ ಮೋಸ ಮಾಡುತ್ತದೆಂದೂ ಸಾಹೇಬರು ಹೇಳಿದರು. ಆದುದರಿಂದಲೇ ಅವರು ಅಲ್ಲಿಗೆ ನಿಲ್ಲಿಸದೆ ಕಾರನ್ನು ಶೆಡ್ಡಿಗೆ ತಂದರು. ಒಂದು ಸಾಕ್ಷಿಯ ಮಾತಿನ ಮೇಲೆ ತೀರ್ಪು ಕೊಡುವ ನ್ಯಾಯಾಧೀಶರಲ್ಲ ಅವರು.

ಅಲ್ಲಿ ದರ್ಶನ, ಸ್ಪರ್ಶನ. ಹೊಸ ಟೈರುಗಳನ್ನು ನೋಡಿ ನಿಟ್ಟುಸಿರು ಬಿಟ್ಟರು. ಸ್ಟೆಪ್ನಿಯನ್ನು ತೆಗೆಸಿ ಅದರ ಮೇಲೆ ನನ್ನ ಅಂಗೈಯನ್ನು ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ ಸವರಿಸಿದರು. "ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತಾಗಿದರೆ ಟೈರು ಓರೆಯಾಗಿ ಸವೆದಿದೆ ಅಂತ ಅರ್ಥ. ಅಂಥ ಟೈರೂ ಹೀಗೇ ಗುಂಯ್ ಅಂತದೆ." ಗಾಲಿಗಳ ಅಲೈನ್‌ಮೆಂಟು ತಪ್ಪಿದರೆ, ಷಾಕ್ ಅಬ್ಸಾರ್ಬರು ಸೋತಿದ್ದರೆ, ಟೈರುಗಳನ್ನು ಕಾಲಕಾಲಕ್ಕೆ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಬದಲಾಯಿಸದೆ ಹತ್ತಾರು ಸಾವಿರ ಕಿಲೋಮೀಟರು ಓಡಿಸಿದರೆ ಟೈರು ಹೀಗೆ ಸವೆಯುತ್ತದೆ. ಸಂದೇಹವಿದ್ದರೆ ಹೊಸ ಟೈರು ಕೊಳ್ಳಬೇಕಾಗಿಲ್ಲ. ಇರುವ ಟೈರುಗಳನ್ನೇ ಹಿಂದುಮುಂದು ಬದಲಾಯಿಸಿ ನೋಡಿದರೆ ಸಾಕು. ಶಬ್ದವೂ ಮುಂದಿನಿಂದ ಹಿಂದಕ್ಕೆ ವಲಸೆ ಹೋದರೆ ಕಳ್ಳ ಟೈರು; ಇದ್ದಲ್ಲೇ ಇದ್ದರೆ ಕಳ್ಳ ಬೇರೆ.

ಬಳಿಕ ಕೈಬ್ರೇಕು ಎಳೆದು, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಎಡಗಾಲಿಯನ್ನು ಜಾಕಿಯ ಮೇಲೆ ಎತ್ತಿದರು. ಜಾಕಿಯೊಂದನ್ನೇ ನಂಬದೆ ಕೆಳಗೆ ಕಬ್ಬಿಣದ ಕುದುರೆಯನ್ನೂ ನಿಲ್ಲಿಸಿದರು. ಗಾಲಿಯನ್ನು ಮೇಲೆ ಕೆಳಗೆ, ಅಂದರೆ ಗಡಿಯಾರದ ಹನ್ನೆರಡು ಮತ್ತು ಆರರ ಸ್ಥಾನದಲ್ಲಿ ಹಿಡಿದು ಅಲುಗಿಸಿದರು. ಕೂದಲೆಳೆಯಷ್ಟು ಆಟ ಕೈಗೆ ಸಿಕ್ಕಿತು. ಹೀಗೆ ಅಲುಗಿದರೆ ಬೇರಿಂಗಿನ ಮೇಲೆ ಅಥವಾ ಕೆಳಗಿನ ಬಾಲ್ ಜಾಯಿಂಟಿನ ಮೇಲೆ ಅನುಮಾನ. ಒಂಬತ್ತು ಮತ್ತು ಮೂರರ ಸ್ಥಾನದಲ್ಲಿ ಮಾತ್ರ ಅಲುಗಿದರೆ ಸ್ಟೇರಿಂಗಿನ ಕೀಲುಗಳ ಮೇಲೆ. ಆ ಮೇಲೆ ನನ್ನ ಕೈಯನ್ನು ಗಾಲಿಯ ಹಿಂದಿನ ಸ್ಪ್ರಿಂಗಿನ ಮೇಲೆ ಇರಿಸಿ, ಗಾಲಿಯನ್ನು ಕೈಯಿಂದ ತಿರುಗಿಸಿದರು. ಮರಳಿನ ಮೇಲೆ ಗುಂಡುಕಲ್ಲು ಉರುಳಿದಂತೆ ಗರಗರನೆ ಒಂದು ನಡುಕ ಸ್ಪ್ರಿಂಗಿನ ಉಕ್ಕನ್ನು ಹಿಡಿದು ಬೆರಳಿಗೆ ಬಂತು. ಬಲಗಡೆಯ ಗಾಲಿಯನ್ನೂ ಹಾಗೆಯೇ ತಿರುಗಿಸಿದರು. ಏನೂ ಬರಲಿಲ್ಲ, ಬೆಣ್ಣೆಯಂತೆ ಮೌನ.

ಕೊನೆಗೆ ಒಂದು ಉದ್ದನೆಯ ಸ್ಕ್ರೂಡ್ರೈವರನ್ನು ತೆಗೆದು, ಅದರ ತುದಿಯನ್ನು ಬೇರಿಂಗು ಕುಳಿತಿರುವ, ತಿರುಗದೆ ಇರುವ ಉಕ್ಕಿನ ಮನೆಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡರು. ಶಿಷ್ಯನು ಗಾಲಿಯನ್ನು ತಿರುಗಿಸಿದನು. 1816ರಲ್ಲಿ ಪ್ಯಾರಿಸಿನ ಲೆನೆಕ್ ಎಂಬ ವೈದ್ಯನು ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೂ ತನ್ನ ಕಿವಿಗೂ ನಡುವೆ ಇಟ್ಟು ಆಲಿಸಿದನಂತೆ. ಸ್ಟೆತೊಸ್ಕೋಪು ಹುಟ್ಟಿದುದು ಹಾಗೆ. ಸಾಹೇಬರ ಸ್ಕ್ರೂಡ್ರೈವರೂ ಅದೇ ಕುಲದ್ದು. "ಕೇಳಿ ಮೇಷ್ಟ್ರೇ" ಎಂದು ನನ್ನ ಕೈಗೆ ಕೊಟ್ಟರು. ಕೇಳಿದೆನು. ದುಂಬಿಯಲ್ಲ, ತಂಬೂರಿಯಲ್ಲ. ಹಲ್ಲು ಕಡಿಯುವ ಸದ್ದು. ಅನುಕರಣಾವ್ಯಯಗಳನ್ನು ತರಗತಿಯಲ್ಲಿ ಪಟ್ಟಿ ಮಾಡಿಸುವ ನನಗೆ, 'ಗುಂಯ್' ಎಂಬುದಕ್ಕೂ 'ಗರ್' ಎಂಬುದಕ್ಕೂ ಇರುವ ವ್ಯತ್ಯಾಸ ಆ ದಿನ ನಿಜವಾಗಿ ತಿಳಿಯಿತು.

ಬೇರಿಂಗು ಎಂಬುದರ ಒಳಗೇನಿದೆ? ಒಂದು ಹೊರಬಳೆ, ಒಂದು ಒಳಬಳೆ, ನಡುವೆ ಉಕ್ಕಿನ ಗುಂಡುಗಳು, ಗುಂಡುಗಳ ಸುತ್ತ ಗ್ರೀಸು, ಅಂಚಿನಲ್ಲಿ ನೀರುಧೂಳು ಬರದಂತೆ ಸೀಲು. ಎತ್ತಿನ ಗಾಡಿಯಲ್ಲಿ ಅಚ್ಚಿನ ಮೇಲೆ ಗಾಲಿ ಉಜ್ಜಿಕೊಂಡೇ ತಿರುಗುತ್ತದೆ. ಆದುದರಿಂದಲೇ ಕೀಲೆಣ್ಣೆ ಹಾಕಬೇಕು, ಹಾಕದಿದ್ದರೆ ಊರಿಗೆಲ್ಲ ಕೇಳಿಸುವಂತೆ ಅದು ಕಿರುಗುಟ್ಟುತ್ತದೆ. ಉಜ್ಜುವುದನ್ನು ಉರುಳುವುದನ್ನಾಗಿ ಮಾಡಿದರೆ ಶ್ರಮ ಎಷ್ಟೋ ಪಾಲು ತಗ್ಗುತ್ತದೆಂಬುದನ್ನು ಕಂಡುಕೊಂಡು, 1794ರಲ್ಲಿ ವೇಲ್ಸ್ ಪ್ರಾಂತದ ಫಿಲಿಪ್ ವಾನ್ ಎಂಬಾತನು ಕುದುರೆಗಾಡಿಯ ಅಚ್ಚಿಗೆ ಗುಂಡುಗಳನ್ನು ಜೋಡಿಸುವ ಉಪಾಯಕ್ಕೆ ಪೇಟೆಂಟು ಪಡೆದನು. ಇಂದಿನ ಕಾರಿನ ಗಾಲಿಯೊಳಗೆ ಇರುವುದು ಆ ಉಪಾಯದ ವಂಶವೇ. ಗುಂಡು ಉರುಳುವ ಹಾದಿ ಕನ್ನಡಿಯಂತೆ ನುಣುಪಾಗಿರುವವರೆಗೆ ಎಲ್ಲವೂ ಮೌನ. ಆ ಹಾದಿಯಲ್ಲಿ ಸಾಸಿವೆಯಷ್ಟು ಕುಳಿ ಬಿದ್ದರೆ ಪ್ರತಿಯೊಂದು ಗುಂಡೂ ಅದರ ಮೇಲೆ ಹಾಯುವಾಗ ಒಂದು ಸಣ್ಣ ಬಡಿತ ಕೊಡುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಚಿಕ್ಕ ಕಾರಿನ ಗಾಲಿ ಸೆಕೆಂಡಿಗೆ ಸುಮಾರು ಹತ್ತು ಸುತ್ತು ಸುತ್ತುತ್ತದೆ. ಸುತ್ತಿಗೆ ಹಲವು ಬಡಿತಗಳಂತೆ ಸೆಕೆಂಡಿಗೆ ಹತ್ತಾರು ಬಡಿತ. ಬಿಡಿಬಿಡಿಯಾಗಿ ಕೇಳಿಸಲಾರದ ಆ ಬಡಿತಗಳೇ ಕೂಡಿಕೊಂಡು ಕಿವಿಗೆ 'ಗುಂಯ್' ಎನ್ನಿಸುತ್ತವೆ. ವೇಗ ಹೆಚ್ಚಿದಂತೆ ಸ್ವರ ಏರುವುದು ಇದಕ್ಕೇ.

ಕುಳಿ ಬೀಳುವುದಕ್ಕೆ ಕಾರಣಗಳು ಹಲವು. ರಸ್ತೆಯ ಹಳ್ಳಕ್ಕೆ ಗಾಲಿ ಧೊಪ್ಪನೆ ಬಿದ್ದಾಗ ಗುಂಡುಗಳು ಹಾದಿಗೆ ಒತ್ತಿ ಅಚ್ಚು ಮೂಡಿಸಬಲ್ಲವು. ಸ್ವೀಡನ್ ದೇಶದ ಬ್ರಿನೆಲ್ ಎಂಬ ಎಂಜಿನಿಯರು 1900ರಲ್ಲಿ ಉಕ್ಕಿನ ಗುಂಡನ್ನು ಲೋಹದ ಮೇಲೆ ಒತ್ತಿ, ಮೂಡಿದ ಗುಳಿಯನ್ನು ಅಳೆದು ಲೋಹದ ಗಡಸುತನವನ್ನು ಹೇಳುವ ಕ್ರಮವನ್ನು ಪ್ರಕಟಿಸಿದನು. ಬೇರಿಂಗಿನಲ್ಲಿ ಮೂಡುವ ಗುಳಿಗಳಿಗೂ ಎಂಜಿನಿಯರುಗಳು ಇಂದಿಗೂ ಅವನ ಹೆಸರನ್ನೇ ಇಟ್ಟು ಕರೆಯುತ್ತಾರೆ. ನಮ್ಮ ರಸ್ತೆಗಳು ಅವನ ಪ್ರಯೋಗವನ್ನು ದಿನವೂ ನಡೆಸುತ್ತಿವೆ ಎನ್ನಬಹುದು.

ಆದರೆ ನಮ್ಮ ಕಾರಿನ ಕಾರಣ ಬೇರೆಯಾಗಿತ್ತು. ಸಾಹೇಬರು ಬೇರಿಂಗನ್ನು ಪ್ರೆಸ್ಸಿನಲ್ಲಿ ಒತ್ತಿ ಹೊರತೆಗೆದಾಗ ಒಳಗಿನ ಗ್ರೀಸು ಕಂದುಬಣ್ಣದ ಕೆಸರಾಗಿತ್ತು. ಗುಂಡಿನ ಹಾದಿಯಲ್ಲಿ ತುಕ್ಕು ಹಿಡಿದು ಸಿಪ್ಪೆ ಎದ್ದಿತ್ತು. "ನೀರಿಗೆ ಇಳಿಸಿದ್ದಿರಾ?" ಎಂದರು. ನೆನಪಾಯಿತು. ಮುಂಗಾರಿನ ಒಂದು ಸಂಜೆ ಬೆಂಗಳೂರಿನ ರೈಲ್ವೆ ಕೆಳಸೇತುವೆಯೊಂದರಲ್ಲಿ, ಮುಂದಿನ ಕಾರು ಹೋಯಿತಲ್ಲ ಎಂಬ ಧೈರ್ಯದಿಂದ, ಗಾಲಿ ಮುಳುಗುವ ನೀರಿನಲ್ಲಿ ಕಾರನ್ನು ನುಗ್ಗಿಸಿದ್ದೆನು. ಓಡಿ ಬಿಸಿಯಾಗಿದ್ದ ಬೇರಿಂಗು ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಸೀಲು ಸ್ವಲ್ಪ ಹಳೆಯದಾಗಿದ್ದರೆ ಆ ಗಾಳಿಯ ಸ್ಥಳಕ್ಕೆ ಹೊರಗಿನ ನೀರು ಎಳೆದುಕೊಳ್ಳುತ್ತದೆ. ನೀರು ಹೊಕ್ಕ ದಿನ ಏನೂ ಆಗುವುದಿಲ್ಲ. ಕಾರು ದಡ ಸೇರುತ್ತದೆ, ನಾವು ಗೆದ್ದೆವೆಂದು ಬೀಗುತ್ತೇವೆ. ಲೆಕ್ಕ ತೀರುವುದು ತಿಂಗಳುಗಳ ಮೇಲೆ.

"ಹೀಗೇ ಓಡಿಸಿದ್ದರೆ ಏನಾಗುತ್ತಿತ್ತು?" ಎಂದು ನಾನು ಕೇಳಿದೆನು.

ಸಾಹೇಬರು ಕೈ ಒರೆಸಿಕೊಂಡರು. "ಹದಿನೈದು ದಿನ ಏನೂ ಆಗದೇ ಇರಬಹುದು. ಇಲ್ಲ, ಈ ಭಾನುವಾರವೇ ಆಗಬಹುದು. ಮೊದಲು ಬಿಸಿಯಾಗ್ತದೆ. ಆಮೇಲೆ ಆಟ ಜಾಸ್ತಿಯಾಗಿ ಗಾಲಿ ತೊನೆಯಲು ಶುರು. ಬ್ರೇಕು ಸರಿಯಾಗಿ ಹಿಡಿಯೋದಿಲ್ಲ. ಕೊನೆಗೆ ಗಾಲಿ ಅಲ್ಲೇ ಕಚ್ಚಿಕೊಂಡು ನಿಲ್ಲಬಹುದು, ಇಲ್ಲ ಕಳಚಿಯೇ ಹೋಗಬಹುದು. ಎಲ್ಲಿಗೆ ಹೊರಟಿದ್ದಿರಿ?"

"ತಲಕಾವೇರಿಗೆ" ಎಂದಳು ನನ್ನಾಕೆ. "ಅತ್ತೆಯವರನ್ನು ಕರೆದುಕೊಂಡು."

ಸಾಹೇಬರು ಬೇರೇನೂ ಹೇಳಲಿಲ್ಲ. ಶಿಷ್ಯನನ್ನು ಕರೆದು ಹೊಸ ಬೇರಿಂಗು ತರಲು ಕಳುಹಿಸಿದರು. ಆ ಮೌನದಲ್ಲಿ ನಾನು ಭಾಗಮಂಡಲದ ಮೇಲಿನ ತಿರುವುಗಳನ್ನು ಒಂದೊಂದಾಗಿ ಕಂಡೆನು. ಬಲಕ್ಕೆ ಹೊರಳುವ ಪ್ರತಿ ತಿರುವಿನಲ್ಲಿಯೂ ಭಾರವೆಲ್ಲ ಬೀಳುತ್ತಿದ್ದುದು ಈ ಸಿಪ್ಪೆ ಎದ್ದ ಉಕ್ಕಿನ ಮೇಲೆ. ಹಿಂದಿನ ಸೀಟಿನಲ್ಲಿ ತಂಬೂರಿ ಕೇಳುತ್ತ ಕಣ್ಣು ಮುಚ್ಚಿ ಕುಳಿತ ತಾಯಿ.

ಹೊಸದನ್ನು ಕೂರಿಸಿದ ರೀತಿಯನ್ನೂ ಹೇಳಬೇಕು. ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸುವವರುಂಟು. ಬಡಿದ ಪೆಟ್ಟು ಗುಂಡುಗಳ ಮೂಲಕ ಹಾದುಹೋದರೆ ಹೊಸ ಬೇರಿಂಗಿಗೆ ಹುಟ್ಟುವಾಗಲೇ ಗುಳಿ ಬೀಳುತ್ತದೆ, ತಿಂಗಳೊಳಗೆ ಮತ್ತೆ ಅದೇ ಹಾಡು. ಸಾಹೇಬರು ಹೊರಬಳೆಯನ್ನು ಮನೆಗೆ ಸೇರಿಸುವಾಗ ಹೊರಬಳೆಯನ್ನೇ ಒತ್ತಿದರು. ಹಬ್ಬನ್ನು ಒಳಕ್ಕೆ ಸೇರಿಸುವಾಗ ಒಳಬಳೆಗೆ ಆಧಾರ ಕೊಟ್ಟು ಒತ್ತಿದರು. ಗುಂಡುಗಳ ಮೇಲೆ ಎಳ್ಳಷ್ಟೂ ಭಾರ ಬೀಳಗೊಡಲಿಲ್ಲ. ನಡುವಿನ ದೊಡ್ಡ ನಟ್ಟು ಹಳೆಯದನ್ನೇ ಹಾಕದೆ ಹೊಸದನ್ನು ಹಾಕಿ, ಬಿಗಿಯನ್ನು ಅಳೆಯುವ ಪಾನಾದಿಂದ ಲೆಕ್ಕ ನೋಡಿ ಬಿಗಿದರು. ಹೆಚ್ಚು ಬಿಗಿದರೂ ಕೇಡು, ಕಡಿಮೆ ಬಿಗಿದರೂ ಕೇಡು. ಬೇರಿಂಗು, ನಟ್ಟು, ಕೂಲಿ ಎಲ್ಲವೂ ಸೇರಿ ನಾನು ಟೈರಿಗೆ ಸುರಿದುದರ ಆರರಲ್ಲೊಂದು ಪಾಲೂ ಆಗಲಿಲ್ಲ. "ಟೈರು ಚೆನ್ನಾಗಿವೆ ಮೇಷ್ಟ್ರೇ, ನಾಲ್ಕು ವರ್ಷ ಬರ್ತವೆ" ಎಂದು ಅವರು ಸಮಾಧಾನ ಹೇಳಿದರು.

ಓದುಗರಲ್ಲಿ ನನ್ನ ಅರಿಕೆ ಇಷ್ಟೇ. ಜಾಕಿ, ಪ್ರೆಸ್ಸುಗಳು ಮೇಸ್ತ್ರಿಗಳ ಕೆಲಸ. ಅದಕ್ಕೆ ನಾವು ಕೈಹಾಕಬಾರದು. ಆದರೆ ಮೇಸ್ತ್ರಿಯ ಪ್ರಶ್ನೆಗಳಿಗೆ ಉತ್ತರ ಸಿದ್ಧಮಾಡಿಕೊಂಡು ಹೋಗುವುದು ನಮ್ಮ ಕೆಲಸ. ಶಬ್ದ ಎಂದಿನಿಂದ? ಯಾವ ವೇಗದಲ್ಲಿ? ನ್ಯೂಟ್ರಲ್ಲಿನಲ್ಲಿಯೂ ಇದೆಯೇ? ರಸ್ತೆ ಬದಲಾದರೆ ಬದಲಾಗುತ್ತದೆಯೇ? ಯಾವ ಕಡೆಗೆ ಹೊರಳಿದರೆ ಹೆಚ್ಚುತ್ತದೆ? ಒಂದು ಚೀಟಿಯಲ್ಲಿ ಬರೆದುಕೊಂಡರೆ ಇನ್ನೂ ಒಳ್ಳೆಯದು. ಕಾರು ಓಡಿಸುವವನ ಕಿವಿಯನ್ನು ಮಾತ್ರ ನಂಬಬಾರದು, ಅದು ಒಗ್ಗಿಹೋಗಿರುತ್ತದೆ. ಅಪರೂಪಕ್ಕೆ ಕೂರುವವರನ್ನು ಕೇಳಬೇಕು. ಕೇಳಿದ ಮೇಲೆ ಅವರು ಹೇಳಿದುದಕ್ಕೆ ಚಮತ್ಕಾರದ ಉತ್ತರ ಕೊಡಬಾರದು.

ಸಂಕ್ರಮಣದ ಹಿಂದಿನ ದಿನ ಹೊರಟೆವು. ಹುಣಸೂರು ದಾಟಿದ ಮೇಲೆ ತಾಯಿಯವರು, "ಏನಪ್ಪ, ನಿನ್ನ ತಂಬೂರಿ ನಿಂತುಹೋಯಿತಲ್ಲ" ಎಂದರು. "ತಂತಿ ಕಿತ್ತುಹಾಕಿಸಿದೆನಮ್ಮ" ಎಂದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, ಶ್ರುತಿಯ ಹಂಗಿಲ್ಲದೆಯೇ ಅವರು ದೇವರನಾಮವನ್ನು ಗಟ್ಟಿಯಾಗಿ ಹಾಡತೊಡಗಿದರು. ಅವರ ಕಂಠ ಇಷ್ಟು ಚೆನ್ನಾಗಿದೆಯೆಂಬುದನ್ನು ನಾನು ಎಷ್ಟೋ ವರ್ಷಗಳಿಂದ ಮರೆತಿದ್ದೆನು.

ಭಾಗಮಂಡಲದಿಂದ ಮೇಲೇರುವ ದಾರಿಯಲ್ಲಿ ನನ್ನಾಕೆ ಮೆಲ್ಲಗೆ, "ರೀ, ಹಿಂದುಗಡೆ ಏನೋ ಟಕಟಕ ಅನ್ನುತ್ತಿದೆ" ಎಂದಳು. ನಾನು ಮರುಮಾತಾಡದೆ ಅಗಲವಾದ ಸ್ಥಳ ನೋಡಿ ಕಾರನ್ನು ನಿಲ್ಲಿಸಿ ಇಳಿದೆನು. ನಾಲ್ಕು ಗಾಲಿಗಳನ್ನೂ ನೋಡಿದೆನು, ಮುಟ್ಟಿದೆನು, ಆಲಿಸಿದೆನು. ಕೊನೆಗೆ ಡಿಕ್ಕಿಯನ್ನು ತೆರೆದು ನೋಡಿದರೆ, ತೀರ್ಥ ತುಂಬಿಕೊಳ್ಳಲೆಂದು ತಾಯಿಯವರು ತಂದಿದ್ದ ತಾಮ್ರದ ತಂಬಿಗೆ ಸ್ಟೆಪ್ನಿಗೆ ತಾಗಿ ಸದ್ದು ಮಾಡುತ್ತಿತ್ತು. ಅದಕ್ಕೊಂದು ಟವೆಲು ಸುತ್ತಿ ಇಟ್ಟು ಬಂದೆನು. "ಏನಿತ್ತು?" ಎಂದು ಕೇಳಿದಳು. ಹೇಳಿದೆನು. ಆಕೆ ನಗಲಿಲ್ಲ. ನಾನು ನಿಲ್ಲಿಸಿದೆನಲ್ಲ, ಅದಕ್ಕೆ ಸಂತೋಷಪಟ್ಟಂತೆ ಕಂಡಿತು.